ಹೊಸದೆಂದು ಕೊಟ್ಟ ಸ್ವೆಟರು

ಮಹಾಂತೇಶ ನಗರದ ಮನೆಯಿಂದ ಖಾನಾಪುರದ ಶಾಲೆಗೆ ದಿನಾ ಬಸ್ಸಿನಲ್ಲಿ ಹೋಗಿಬರುತ್ತೇನೆ. ಭಾನುವಾರ ಮಾತ್ರ ನನ್ನದು. ಪೇಟೆಯ ರಸ್ತೆ ಬದಿಯಲ್ಲಿ ತಾಡಪತ್ರಿ ಹಾಸಿ ಸುರಿದ ಹಳೆ ಬಟ್ಟೆಗಳ ರಾಶಿಯ ಮುಂದೆ ಕೂತರೆ ಹೊತ್ತು ಹೋದದ್ದೇ ತಿಳಿಯುವುದಿಲ್ಲ. ಹೊಸ ಬಟ್ಟೆಯ ಬಿರುಸು ನನಗೆ ಮೊದಲಿನಿಂದಲೂ ಆಗದು. ಯಾರೋ ತೊಟ್ಟು, ಒಗೆದು, ಬಿಸಿಲಿಗೆ ಹಾಕಿ ಮೆತ್ತಗೆ ಮಾಡಿಟ್ಟದ್ದು ಮೊದಲ ದಿನವೇ ಮೈಗೆ ಹೊಂದುತ್ತದೆ. ನೈಲಾನಿನ ನಡುವೆ ಒಳ್ಳೆಯ ಉಣ್ಣೆ ಕೈಗೆ ತಾಗಿದರೆ ಎದೆ ಹೊಡೆದುಕೊಳ್ಳುತ್ತದೆ. ಆದರೆ ಈ ಹುಚ್ಚನ್ನು ಶಾಲೆಯಲ್ಲಿ ಯಾರಿಗೂ ಹೇಳಿರಲಿಲ್ಲ. ಪಗಾರ ಬರುವ ಟೀಚರು ಹಳೆ ಬಟ್ಟೆಯಲ್ಲಿ ಕೈಯಾಡಿಸುತ್ತಾಳೆ ಎನ್ನಿಸಿಕೊಳ್ಳಲು ನಾಚಿಕೆ.

ಎರಡು ಚಳಿಗಾಲದ ಹಿಂದೆ, ಬಸ್ಸಿನಲ್ಲಿ ಪಕ್ಕ ಕೂರುವ ಗೆಳತಿ, ನಮ್ಮ ಶಾಲೆಯದೇ ಟೀಚರು, ನನ್ನ ಸ್ವೆಟರಿನ ತೋಳು ಮುಟ್ಟಿ ನೋಡಿದರು.

"ಭಾಳ ಮೆತ್ತಗ ಐತ್ರಿ. ಎಲ್ಲಿ ತಗೊಂಡ್ರಿ?"

"ರವಿವಾರ ಪೇಟ್ಯಾಗ ಒಂದು ಅಂಗಡಿ ಐತ್ರಿ," ಎಂದುಬಿಟ್ಟೆ.

"ನಮ್ಮವ್ವಗೂ ಒಂದು ತಂದುಕೊಡ್ರಿ. ನಂದಗಡದಾಗ ಥಂಡಿ ಭಾಳ."

ಅಲ್ಲೇ ನಿಜ ಹೇಳಬಹುದಿತ್ತು. ಹೇಳಲಿಲ್ಲ. ಭಾನುವಾರ ರಾಶಿಯಲ್ಲಿ ಹುಡುಕಿ ಒಂದು ನೀಲಿ ಸ್ವೆಟರು ಆರಿಸಿದೆ. ಒಗೆದು, ಹೊಸ ಗುಂಡಿ ಹಚ್ಚಿ, ಮನೆಯಲ್ಲಿದ್ದ ಯಾವುದೋ ಅಂಗಡಿಯ ಚೀಲದಲ್ಲಿ ಹಾಕಿ ಕೊಟ್ಟೆ. ಕುತ್ತಿಗೆಯ ಒಳಪಟ್ಟಿಯ ಮೇಲೆ ಲಾಂಡ್ರಿಯ ಮಸಿ ಗುರುತಿತ್ತು. ಅಷ್ಟು ಸಣ್ಣದನ್ನು ಯಾರು ನೋಡುತ್ತಾರೆ ಎಂದುಕೊಂಡೆ. ಬೆಲೆ ಮಾತ್ರ ಇದ್ದಷ್ಟೇ ಹೇಳಿದೆ, ಸೇಲಿನಲ್ಲಿ ಸಿಕ್ಕಿತು ಅಂತ.

ಆಕೆಯ ಅವ್ವ ಅದನ್ನು ಸಂಕ್ರಾಂತಿಯವರೆಗೂ ಮೈಯಿಂದ ತೆಗೆಯಲಿಲ್ಲವಂತೆ. ಗೆಳತಿ ಹಾಗೆ ಹೇಳಿದಾಗಲೆಲ್ಲ ನಾನು ಕಿಟಕಿಯ ಕಡೆ ತಿರುಗುತ್ತಿದ್ದೆ.

ಒಂದು ಮುಂಜಾನೆ ಆಕೆ ಆ ಸ್ವೆಟರನ್ನು ಮಡಚಿ ತಂದು ನನ್ನ ತೊಡೆಯ ಮೇಲಿಟ್ಟರು.

"ಹೊಸಾದಕ್ಕ ಲಾಂಡ್ರಿ ಗುರುತು ಹ್ಯಾಂಗ ಬಂತ್ರಿ?"

ಎಲ್ಲ ಹೇಳಿದೆ. ರೊಕ್ಕ ತಿರುಗಿ ಕೊಡಲು ಪರ್ಸಿಗೆ ಕೈಹಾಕಿದಾಗ ತಡೆದರು.

"ರೊಕ್ಕದ ಮಾತಲ್ಲರಿ. ಅಪ್ಪ ಸತ್ತ ಮ್ಯಾಲ ಅವ್ವ ಮಂದಿ ಮನ್ಯಾಗ ದುಡದ್ಳು. ಅವರು ಬಿಟ್ಟ ಸೀರಿನ ಉಟ್ಟಳು. ನನಗ ನೌಕರಿ ಬಂದ ದಿನ, ಇನ್ನ ಮಂದಿ ಉಟ್ಟದ್ದು ಉಡಂಗಿಲ್ಲ ಅಂದಿದ್ಳು. ಇದನ್ನ ಮಗಳು ತಂದಾಳ ಅಂತ ಓಣಿ ತುಂಬ ತೋರಿಸಿದ್ಳರಿ."

ಖಾನಾಪುರದಲ್ಲಿ ಇಳಿಯುವಾಗ ಸ್ವೆಟರನ್ನು ನನ್ನ ಚೀಲಕ್ಕೆ ಹಾಕಿಕೊಂಡೆ.

ಮುಂದಿನ ವಾರ ನಂದಗಡಕ್ಕೆ ಒಬ್ಬಳೇ ಹೋದೆ. ಮಗಳಿಂದ ಎಲ್ಲ ತಿಳಿದಿದ್ದರೂ ಅವ್ವ ಬೈಯಲಿಲ್ಲ. "ಕುಂದರವಾ," ಎಂದು ಚಹಾ ಕೊಟ್ಟರು. ತಪ್ಪಾಯಿತು ಎಂದಾಗ ಹೇಳಿದರು:

"ನೀ ಹಾಕ್ಕೊಂಡಿದ್ದಕ್ಕ ನಾ ಏನೂ ಅನ್ನಂಗಿಲ್ಲ. ನಿನಗ ಅದು ಹೌಸಿ, ಮನಸಿನ ಖುಷಿ. ನನಗ ಬ್ಯಾರೆ ಗತಿ ಇರಲಿಲ್ಲ. ಕೊಡೂ ಮುಂಚೆ ನನ್ನ ಒಂದು ಮಾತು ಕೇಳಬೇಕಿತ್ತು."

ಲೋಟ ಕೆಳಗಿಟ್ಟು ಎದ್ದುಬಂದೆ.

ಈಗಲೂ ಭಾನುವಾರ ಹೋಗುತ್ತೇನೆ, ಕೇಳಿದವರಿಗೆ ಮುಚ್ಚಿಡುವುದಿಲ್ಲ. ಗೆಳತಿ ಇಂದಿಗೂ ಬಸ್ಸಿನಲ್ಲಿ ನನ್ನ ಪಕ್ಕದಲ್ಲೇ ಕೂರುತ್ತಾರೆ. ಪರೀಕ್ಷೆ, ಮಕ್ಕಳು, ರಸ್ತೆಯ ಗುಂಡಿ, ಎಲ್ಲದರ ಬಗ್ಗೆ ಮಾತಾಡುತ್ತೇವೆ. ಪೇಟೆಯಿಂದ ಏನಾದರೂ ತಂದುಕೊಡಿ ಎಂದು ಮಾತ್ರ ಮತ್ತೆ ಕೇಳಿಲ್ಲ.