ನೋಡಿದವರು: ನಾಯಿ ಒಂದು

ನಗರಸಭೆಯ ನೋಟೀಸುಗಳನ್ನು ಗೋಡೆಗೆ ಅಂಟಿಸುವವನ ಹುದ್ದೆಗೆ ಕಡತದಲ್ಲಿ ಉದ್ದದ ಹೆಸರೊಂದಿದೆ. ಮಾರುಕಟ್ಟೆ ಬೀದಿಯಲ್ಲಿ ಅವನನ್ನು ಎಲ್ಲರೂ ಕರೆಯುವುದು ಗೋಂದು ಅಂತ. ಸಿಟ್ಟು ಬಂದರೆ ಅವನ ಹೆಂಡತಿಯೂ ಹಾಗೇ ಕರೆಯುತ್ತಾಳೆ.

ಮಾರುಕಟ್ಟೆಯ ಕಬ್ಬಿಣದ ಗೇಟಿಗೆ ಎದುರು ನನ್ನ ಅಂಗಡಿ. ಕಾಗದ, ಶಾಯಿ, ರಬ್ಬರ್ ಮೊಹರು ನನ್ನ ವ್ಯಾಪಾರ. ಇಪ್ಪತ್ತೆರಡು ವರ್ಷದಿಂದ ಗೋಂದುವಿನ ಕೆಲಸವನ್ನು ಗಲ್ಲಾದಲ್ಲಿ ಕೂತೇ ನೋಡಿದ್ದೇನೆ. ಮೈದಾಹಿಟ್ಟನ್ನು ಗಂಟು ಬಾರದಂತೆ ಕುದಿಸಿ, ಹುಳ ಹಿಡಿಯದಿರಲಿ ಅಂತ ಚಿಟಿಕೆ ಮೈಲುತುತ್ತ ಹಾಕಿ ಅವನೇ ಅಂಟು ಕಾಯಿಸುತ್ತಾನೆ. ಅವನು ಅಂಟಿಸಿದ ಕಾಗದ ಕಿತ್ತರೆ ಗೋಡೆಯ ಸುಣ್ಣವೂ ಜೊತೆಗೆ ಬರುತ್ತದೆ. ಮೂವರು ಅಧ್ಯಕ್ಷರ ಮುಖ ಜನಕ್ಕೆ ಮರೆತುಹೋಗಿದೆ, ಅವರ ಕಾಲದ ನೋಟೀಸು ಮಾತ್ರ ಗಟ್ಟಿಯಾಗಿ ಕೂತಿದೆ.

ಅವನ ಹೆಗಲ ಚೀಲದಲ್ಲಿ ಕಚೇರಿ ಕೊಟ್ಟ ಅಂಟುಪುಸ್ತಕ ಇರುತ್ತದೆ. ತಾರೀಕು, ಜಾಗ, ವಿಷಯ, ಕೊನೆಗೆ 'ನೋಡಿದವರು' ಎಂಬ ಕಲಂ. ಅಲ್ಲಿ ದಾರಿಹೋಕರು ಇಬ್ಬರು ಸಹಿ ಹಾಕಬೇಕು, ಆಗಲೇ ನೋಟೀಸಿಗೆ ಜೀವ. ಅವನಿಗಿಂತ ಮುಂಚೆ ಆ ಕೆಲಸ ಮಾಡಿದವರು ಎಡಗೈಯಲ್ಲೊಂದು ಬಲಗೈಯಲ್ಲೊಂದು ಸಹಿ ಗೀಚಿ ಊಟಕ್ಕೆ ಹೋಗುತ್ತಿದ್ದರು. ಗೋಂದು ಹಾಗಲ್ಲ. ಇಬ್ಬರು ನಿಂತು ಓದುವ ತನಕ ಬಿಸಿಲಲ್ಲಿ ಕಾಯುತ್ತಾನೆ, ಓದಲು ಬಾರದವರಿಗೆ ತಾನೇ ಓದಿ ಹೇಳುತ್ತಾನೆ. ಈ ಹುಚ್ಚನ್ನು ನಾವೆಲ್ಲ ಬೇಕಾದಷ್ಟು ಆಡಿಕೊಂಡಿದ್ದೇವೆ.

ಸೋಂಕು ಬಂದ ತಿಂಗಳಲ್ಲೇ ನಗರಸಭೆಯ ಅವಧಿ ಮುಗಿದಿತ್ತು. ಚುನಾವಣೆ ಮುಂದೆ ಹೋಯಿತು, ಆಡಳಿತಾಧಿಕಾರಿ ಬಂದು ಕೂತರು. ಮೂವತ್ತೊಂದು ಜನ ಸದಸ್ಯರು ಕಿತ್ತಾಡುತ್ತಿದ್ದ ಸಭಾಂಗಣದಲ್ಲಿ ಅವರೊಬ್ಬರೇ ವಿಷಯ ಮಂಡಿಸಿ, ಒಬ್ಬರೇ ಒಪ್ಪಿ, ನಡಾವಳಿಯಲ್ಲಿ 'ಸರ್ವಾನುಮತದಿಂದ' ಅಂತ ಬರೆಸುತ್ತಿದ್ದರು. ದಿನಕ್ಕೊಂದು ನೋಟೀಸು. ಎಲ್ಲದರ ಬಾಲದಲ್ಲೂ 'ಮುಂದಿನ ಆದೇಶದವರೆಗೆ'. ಕೈಯಲ್ಲಿ ಬರೆದು ಸಾಕಾಗಿ ಆ ಎರಡು ಪದಕ್ಕೆ ನನ್ನಲ್ಲೇ ಮೊಹರು ಮಾಡಿಸಿಕೊಂಡರು. ಎರಡು ಮೊಹರು ಸವೆದು ಮೂರನೆಯದು ಮಾಡಿಕೊಟ್ಟೆ.

ಸೋಂಕು ಸುಳ್ಳಲ್ಲ. ನನ್ನ ಪಕ್ಕದ ಅಂಗಡಿಯ ಬೀಗದವನು ಹನ್ನೊಂದೇ ದಿನದಲ್ಲಿ ಹೊರಟುಹೋದ. ಬಾಗಿಲು ಹಾಕಿಸಿದ್ದು ತಪ್ಪು ಅಂತ ನಾನು ಹೇಳುವುದಿಲ್ಲ. ಹಾಕಿದ ಬಾಗಿಲ ಹಿಂದೆ ಕೂತು ಏನು ಮಾಡಿದರು ಅನ್ನುವುದು ನನ್ನ ತಕರಾರು.

ಲಾಕ್‌ಡೌನಿನ ಎರಡನೇ ವಾರ ಗೋಂದು ಎರಡು ಕಾಗದ ಅಂಟಿಸಿದ. ಸೋಮವಾರದ್ದು ಕಚೇರಿಯ ಬಾಗಿಲಿಗೆ: ಸಾರ್ವಜನಿಕರಿಗೆ ಪ್ರವೇಶವಿಲ್ಲ. ಮಂಗಳವಾರದ್ದು ಮಾರುಕಟ್ಟೆಯ ಗೇಟಿಗೆ: ಹಳೇ ಕಟ್ಟಡ ಕೆಡವಿ ನಾಲ್ಕು ಮಹಡಿಯ ಹೊಸ ಸಂಕೀರ್ಣ ಕಟ್ಟಲಾಗುವುದು, ಆಕ್ಷೇಪಣೆ ಇದ್ದವರು ಹದಿನೈದು ದಿನದೊಳಗೆ ಕಚೇರಿಗೆ ಖುದ್ದಾಗಿ ಬಂದು ಸಲ್ಲಿಸತಕ್ಕದ್ದು. ಔಷಧಿಗೆ ಅಂತ ಹೊರಬಂದವರ ಮೊಣಕಾಲಿಗೆ ಲಾಠಿ ಬೀಳುತ್ತಿದ್ದ ದಿನಗಳು ಅವು. ಸೋಮವಾರ ಬಾಗಿಲು ಮುಚ್ಚಿ ಮಂಗಳವಾರ ಒಳಗೆ ಬನ್ನಿ ಅಂತ ಕರೆಯುವ ಮನೆಗೆ ನೆಂಟರಾಗಿ ಹೋಗುವುದು ಹೇಗೆ?

ಪಾಸು ಇದ್ದ ಗೋಂದು ಗೇಟಿನ ಹತ್ತಿರ ಎರಡು ಗಂಟೆ ಕಾದನಂತೆ. ಬೀದಿಯಲ್ಲಿ ನರಪಿಳ್ಳೆ ಇಲ್ಲ. ಕೊನೆಗೆ 'ನೋಡಿದವರು' ಕಲಮಿನಲ್ಲಿ ದುಂಡಗಿನ ಅಕ್ಷರದಲ್ಲಿ ಬರೆದ: ಯಾರೂ ಇಲ್ಲ. ನಾಯಿ ಒಂದು.

ಆ ಗೇಟಿನೊಳಗೆ, ನಲ್ಲಿಯಿಂದ ಮೂರನೇ ಕಟ್ಟೆ ಅವನ ಹೆಂಡತಿಯದು. ಈರುಳ್ಳಿ, ಬೆಳ್ಳುಳ್ಳಿ. ಅವಳಿಗಿಂತ ಮುಂಚೆ ಅವಳ ಅಮ್ಮ ಅಲ್ಲೇ ಕೂರುತ್ತಿದ್ದಳು. ಹೊಸ ಸಂಕೀರ್ಣದ ನಕ್ಷೆಯಲ್ಲಿ ಗಾಜಿನ ಮಳಿಗೆಗಳಿದ್ದವು, ಕಟ್ಟೆ ಒಂದೂ ಇರಲಿಲ್ಲ. ಅವಳು ಅಂದೇ ಆಕ್ಷೇಪಣೆ ಬರೆದು ಗಂಡನ ಕೈಗೆ ಕೊಟ್ಟಳು. ಹೆಡ್ ಗುಮಾಸ್ತರು ಮುಟ್ಟಲಿಲ್ಲ. ಖುದ್ದಾಗಿ ಬರಬೇಕು ಅಂದರು. ಅವಳು ಖುದ್ದಾಗಿ ಹೊರಟಳು, ಮೊದಲನೇ ತಿರುವಿನಲ್ಲೇ ಪೊಲೀಸರು ವಾಪಸು ಅಟ್ಟಿದರು.

ಸೋಂಕು ಇಳಿಯಿತು. ಸಿನಿಮಾ ಮಂದಿರ ತೆರೆಯಿತು, ಬಾರು ತೆರೆಯಿತು, ಮೈದಾನದಲ್ಲಿ ಪಕ್ಷಗಳ ಸಮಾವೇಶಕ್ಕೆ ಸಾವಿರಗಟ್ಟಲೆ ಜನ ಮಾಸ್ಕನ್ನು ಗದ್ದಕ್ಕೆ ಇಳಿಸಿ ಜೈಕಾರ ಹಾಕಿದರು. ಚುನಾವಣೆಗೆ ಮಾತ್ರ ಇನ್ನೂ ಕಾಲ ಕೂಡಿರಲಿಲ್ಲ, ಮಾರುಕಟ್ಟೆಯ ಗೇಟಿಗೂ ಅಷ್ಟೇ. ಕಟ್ಟೆಯ ಹೆಂಗಸರು ಚರಂಡಿಯ ಅಂಚಿನಲ್ಲಿ ಗೋಣಿತಾಟು ಹಾಸಿ ಕೂತರು. ಕಡತದಲ್ಲಿ 'ಆಕ್ಷೇಪಣೆ: ಇಲ್ಲ' ಅಂತಾಗಿತ್ತು. ಕೆಡವುವ ಆದೇಶಕ್ಕೆ 'ನೋಡಿದವರು' ಕಲಮಿನ ಎರಡು ಸಹಿ ಮಾತ್ರ ಕಮ್ಮಿ.

ಒಂದು ಮಧ್ಯಾಹ್ನ ಹೆಡ್ ಗುಮಾಸ್ತರು ನನ್ನ ಅಂಗಡಿಗೆ ಬಂದರು. ಗೋಂದು ಅಂಟು ಕಾಯಿಸಲು ಹೋದಾಗ ಅವನ ಚೀಲದಿಂದ ಪುಸ್ತಕ ಎತ್ತಿಕೊಂಡು ಬಂದಿದ್ದರು. ನಾಯಿಯ ಕೆಳಗೆ ಖಾಲಿ ಜಾಗ ಇತ್ತು. ದಾರಿಹೋಕರಾಗಿ ಒಂದು ಸಹಿ ಅವರೇ ಜಡಿದಿದ್ದರು, ಇನ್ನೊಂದು ನನ್ನದು ಬೇಕಿತ್ತು, ಹಳೇ ತಾರೀಕಿನಲ್ಲಿ. ಕಚೇರಿ ನನ್ನ ದೊಡ್ಡ ಗಿರಾಕಿ. ತಕ್ಕಡಿಯ ಯಾವ ತಟ್ಟೆ ಭಾರ ಅಂತ ನೋಡಲು ನನಗೆ ಅರೆಗಳಿಗೆಯೂ ಬೇಕಾಗಲಿಲ್ಲ. ಹಾಕಿದೆ.

ಸಂಜೆ ಗೋಂದು ಬಂದ. ಪುಸ್ತಕ ಬಿಡಿಸಿ ಗಲ್ಲಾದ ಮೇಲಿಟ್ಟು ಬೆರಳಿನಿಂದ ತೋರಿಸಿದ.

"ಸಾಹುಕಾರ್ರೇ, ನಾಯಿಗಿಂತ ಕೆಳಗೆ ಸಹಿ ಹಾಕಿದೀರಲ್ಲ."

ಅಷ್ಟೇ ಹೇಳಿ ಹೋದ. ವ್ಯಾಪಾರದಲ್ಲಿ ನಾನು ಬೇಕಾದಷ್ಟು ಬೈಗುಳ ತಿಂದು ಅರಗಿಸಿಕೊಂಡವನು. ಇದು ಗಂಟಲಲ್ಲೇ ಕೂತಿತು.

ಮುಂದಿನ ವಾರ ಕೆಡವುವ ವಿಷಯದ ಕೊನೆಯ ವಿಚಾರಣೆ. ಅಧ್ಯಕ್ಷರ ಕುರ್ಚಿಯಲ್ಲಿ ಆಡಳಿತಾಧಿಕಾರಿ, ಬಾಗಿಲ ಹತ್ತಿರ ಮಾರುಕಟ್ಟೆಯ ಇಪ್ಪತ್ತು ಹೆಂಗಸರು, ಸಾಕ್ಷಿ ಅಂತ ನಾನು. ಗೋಂದುವನ್ನು ಕರೆದು, ಅಂಟಿಸಿದ್ದು ನೀನೇ ತಾನೆ ಎಂದು ಕೇಳಿದರು. ಹೌದೆಂದ. ಇಬ್ಬರು ನೋಡಿದ್ದಾರೆ ತಾನೆ ಎಂದರು.

"ನೋಡಿದ್ದು ಒಂದು ನಾಯಿ ಸಾರ್. ಕೆಳಗಿನ ಎರಡು ಸಹಿ ಹೋದ ವಾರದ್ದು."

ಹೆಡ್ ಗುಮಾಸ್ತರು ಕೆಮ್ಮಿದರು. ಆಡಳಿತಾಧಿಕಾರಿ ನಗಲು ನೋಡಿದರು.

"ನಾಯಿಗೆ ಓದೋಕೆ ಬರುತ್ತೇನಯ್ಯಾ?"

"ಇಲ್ಲ ಸಾರ್. ಅದಕ್ಕೇ ನಾನೇ ಓದಿ ಹೇಳ್ದೆ. ಆಕ್ಷೇಪಣೆ ಏನೂ ಎತ್ತಲಿಲ್ಲ. ನೀವು ಕಡತದಲ್ಲಿ ಬರೆದಿರೋದು ಸರಿಯಾಗೇ ಇದೆ."

ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡರು. ಆಮೇಲೆ ಆಡಳಿತಾಧಿಕಾರಿ ನನ್ನನ್ನು ಕೇಳಿದರು, ಸಹಿ ಯಾವತ್ತಿನದು ಅಂತ. ಕಣ್ಣಿಗೆ ಕನ್ನಡಕ ಇಲ್ಲ, ಜ್ಞಾಪಕ ಇಲ್ಲ ಅಂದೆ. ಕನ್ನಡಕ ನನ್ನ ಮೂಗಿನ ಮೇಲೇ ಇತ್ತು.

ಎರಡೇ ದಿನದಲ್ಲಿ ಗೋಂದು ಅಮಾನತಾದ. ಸರ್ಕಾರಿ ದಾಖಲೆ ವಿರೂಪ, ಮೇಲಧಿಕಾರಿಗೆ ಅಗೌರವ, ಮುಂದಿನ ಆದೇಶದವರೆಗೆ. ಅಚ್ಚು ನನ್ನ ಮೊಹರಿನದೇ. ಆದೇಶವನ್ನು ಅವನ ಮನೆ ಬಾಗಿಲಿಗೆ ಅಂಟಿಸಬೇಕು ಅನ್ನುವುದು ನಿಯಮ. ಕಚೇರಿಯಿಂದ ಬಂದವನು ಸೆಲ್ಲೋಟೇಪ್ ಹಾಕಿ ಹೋದ. ಮರುದಿನ ಬೆಳಿಗ್ಗೆ ಕಾಗದ ಪಕ್ಕದ ಮನೆಯ ಕಾಲೊರಸಿನ ಮೇಲಿತ್ತು.

ಗೋಂದು ಅದನ್ನು ಎತ್ತಿಕೊಂಡು ಬಂದು ಒಲೆ ಹಚ್ಚಿದ. ಹೆಂಡತಿ, "ನಿಮಗೇನು ತಲೆ ಕೆಟ್ಟಿದೆಯಾ" ಎಂದು ಗದರಿದಳು. ಅವನು ಹಿಟ್ಟು ಕದಡಿ, ಮೈಲುತುತ್ತ ಹಾಕಿ, ತನ್ನ ಅಮಾನತನ್ನು ತನ್ನ ಬಾಗಿಲಿಗೆ ನಾಲ್ಕು ಮೂಲೆಯೂ ಕೂರುವಂತೆ ಅಂಟಿಸಿದ. ಆಮೇಲೆ ಒಂದು ನೋಟ್‌ಬುಕ್ಕಿಗೆ ಗೆರೆ ಎಳೆದು, 'ನೋಡಿದವರು' ಅಂತ ಬರೆದು, ಬಾಗಿಲ ಪಕ್ಕ ಸ್ಟೂಲು ಹಾಕಿಕೊಂಡು ಕೂತ.

ಮೊದಲು ಹೆಂಡತಿ ಸಹಿ ಹಾಕಿದಳು. ಹೊತ್ತು ಏರುವಷ್ಟರಲ್ಲಿ ಚರಂಡಿಯ ಅಂಚಿನಿಂದ ಒಬ್ಬೊಬ್ಬರೇ ಎದ್ದು ಬಂದರು. ಪ್ರತಿಯೊಬ್ಬರಿಗೂ ಅವನು ಪೂರ್ತಿ ಓದಿ ಹೇಳಿದ. ಹೆಸರಿನ ಪಕ್ಕದಲ್ಲಿ ಅವರವರ ಕಟ್ಟೆಯ ಗುರುತು ಬರೆಸಿದ. ಯಾವ ಕಟ್ಟೆಯವರಿಗೂ ಗೇಟಿನ ಮೇಲಿನ ಕೆಡವುವ ನೋಟೀಸು ಆ ಹದಿನೈದು ದಿನದೊಳಗೆ ಕಣ್ಣಿಗೆ ಬಿದ್ದಿರಲಿಲ್ಲ, ಅದನ್ನೂ ಬರೆಸಿದ.

ಮೂರನೇ ದಿನ ನಾನೂ ಹೋದೆ. ಪೆನ್ನಿಗೆ ಕೈ ಚಾಚಿದರೆ ಕೊಡಲಿಲ್ಲ.

"ಮೊದ್ಲು ಓದಿ ಸಾಹುಕಾರ್ರೇ. ಜೋರಾಗಿ. ಕನ್ನಡಕ ಇದೆಯಲ್ಲ ಇವತ್ತು?"

ಬೀದಿಯವರ ಎದುರು ಓದಿದೆ. ಸಹಿ ಹಾಕಿ, ಅವತ್ತಿನ ತಾರೀಕೇ ಹಾಕಿದೆ. ಅವನು ಪುಸ್ತಕ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

"ಹಳೇದನ್ನೂ ಬರೀರಿ."

ಬರೆದೆ. ಅಂಟುಪುಸ್ತಕದಲ್ಲಿ ನಾಯಿಯ ಕೆಳಗಿರುವ ನನ್ನ ಸಹಿ ಸುಳ್ಳು, ಅಂದು ನಾನು ಮನೆಯೊಳಗೆ ಚಿಲಕ ಹಾಕಿಕೊಂಡಿದ್ದೆ, ಆ ನೋಟೀಸನ್ನು ನೋಡಿಲ್ಲ, ಅಂತ. ಬರೆಯುವಾಗ ಬಂದ ಸಿಟ್ಟು ಆಡಳಿತಾಧಿಕಾರಿಯ ಮೇಲೆ ಎಷ್ಟಿತ್ತೋ ನನ್ನ ಮೇಲೂ ಅಷ್ಟೇ ಇತ್ತು. ಬಾಗಿಲು ಮುಚ್ಚಿದ್ದಾಗ ಊರನ್ನೇ ಮಾರಿಕೊಳ್ಳಲು ಹೊರಟವರಿಗೆ ಪೆನ್ನು ಒದಗಿಸಿದ್ದು ನನ್ನ ಅಂಗಡಿ.

ಸೋಮವಾರ ಅವನ ಹೆಂಡತಿ ನೋಟ್‌ಬುಕ್ಕನ್ನು ಕಂಕುಳಲ್ಲಿ ಇಟ್ಟುಕೊಂಡು ಕಚೇರಿಗೆ ನಡೆದಳು. ಹಿಂದೆ ಮಾರುಕಟ್ಟೆಯೇ ನಡೆಯಿತು. ಟಪಾಲು ಕಿಟಕಿಯಲ್ಲಿ ಹೆಡ್ ಗುಮಾಸ್ತರೇ ಕೂತಿದ್ದರು. ಏನಮ್ಮಾ ಇದು, ಯಾವ ವಿಷಯ ಅಂತ ಬರ್ಕೊಳ್ಳಲಿ ಎಂದು ಮುಖ ಗಂಟಿಕ್ಕಿದರು.

"ಆಕ್ಷೇಪಣೆ ಅಂತ ಬರ್ಕೊಳ್ಳಿ," ಅಂದಳು. "ಖುದ್ದಾಗಿ ಬಂದಿದೀವಿ. ನೂರ ಹದಿನಾಲ್ಕು ಜನ. ಸ್ವೀಕೃತಿಗೆ ಮೊಹರು ಒತ್ತಿ ಕೊಡಿ, ನಮ್ಮನೆಯವರು ಅದನ್ನ ಗೇಟಿಗೆ ಅಂಟಿಸ್ಬೇಕು."