ಬೀಟ್‌ರೂಟ್ ಪಲ್ಯದ ಕೆಂಪು

ಬೀಟ್‌ರೂಟ್ ಹೆಚ್ಚಿದ ಮೇಲೆ ಕೈ ಎಷ್ಟು ತೊಳೆದರೂ ಉಗುರಿನ ಸಂದಿಯಲ್ಲಿ ಕೆಂಪು ಉಳಿಯುತ್ತದೆ. ನಿನ್ನೆ ಆ ಕೆಂಪು ನೋಡುತ್ತ ನಿಂತಾಗ ಬ್ಯಾಡಗಿಯ ನಮ್ಮ ಪಕ್ಕದ ಮನೆಯ ಕಾಕು ನೆನಪಾದರು. ಅವರು ಉಡುತ್ತಿದ್ದುದು ಹಸಿರು ಇಳಕಲ್ ಸೀರೆ ಎಂದು ಬರೆಯಹೊರಟು ನಿಲ್ಲಿಸಿದೆ. ನನ್ನ ತಂಗಿ ನೀಲಿ ಎನ್ನುತ್ತಾಳೆ. ಸೀರೆಯ ವಿಷಯದಲ್ಲಿ ನನ್ನನ್ನು ನಂಬಬೇಡಿ; ಪಲ್ಯದ ವಿಷಯದಲ್ಲಿ ನಂಬಬಹುದು.

ಎಂಬತ್ತರ ದಶಕದ ಕೊನೆ. ನಾನು ಧಾರವಾಡದಲ್ಲಿ ಎಂ.ಎ. ಮುಗಿಸಿ ಊರಿಗೆ ಬಂದಿದ್ದೆ. ಕಾಕುವಿನ ಗಂಡ, ನಮ್ಮ ಕಾಕಾ, ಮೆಣಸಿನಕಾಯಿ ವ್ಯಾಪಾರಿ. ಹೊತ್ತಿಲ್ಲದ ಹೊತ್ತಿನಲ್ಲಿ ಉಂಡು, ಬರೀ ಚಹಾದ ಮೇಲೆ ದಿನ ಕಳೆದು ಹೊಟ್ಟೆಯಲ್ಲಿ ಹುಣ್ಣು ಮಾಡಿಕೊಂಡಿದ್ದರು. ಹಾವೇರಿಯ ಡಾಕ್ಟರು ಗುಳಿಗೆ ಬರೆದುಕೊಟ್ಟು, ಒಂದು ತಿಂಗಳು ಮೆಣಸಿನಕಾಯಿ ಮುಟ್ಟಬಾರದು, ಕಡಿಮೆಯಾಗದಿದ್ದರೆ ಆಪರೇಷನ್ನೇ ಗತಿ ಎಂದಿದ್ದರು. ಕಾಕುವಿನ ಅಪ್ಪ ಆಪರೇಷನ್ನಿಗೆಂದು ಹೋದವರು ಮನೆಗೆ ಮರಳಿರಲಿಲ್ಲ. ಮನೆಯಲ್ಲಿ ಆ ಶಬ್ದ ಎತ್ತಲೂ ಅವರು ಬಿಡುತ್ತಿರಲಿಲ್ಲ.

ಹೊತ್ತಿಗೆ ಸರಿಯಾಗಿ ಬಿಸಿ ಜೋಳದ ರೊಟ್ಟಿ, ಮಜ್ಜಿಗೆ, ಸೌತೆಕಾಯಿ... ಎಲ್ಲವೂ ನಡೆದಿತ್ತು. ಆದರೂ ಕಾಕಾನ ಉರಿ ಇಳಿಯಲಿಲ್ಲ. ಒಂದು ಮಧ್ಯಾಹ್ನ ಅವರ ತಟ್ಟೆಯಲ್ಲಿದ್ದ ಹೀರೇಕಾಯಿ ಪಲ್ಯ ನೋಡಿ, "ಕಾಕು, ಇದ್ಯಾಕ ಇಷ್ಟ ಕೆಂಪಗೈತಿ?" ಎಂದೆ.

"ಅದೇನ ಖಾರ ಅಲ್ಲ ತಂಗಿ, ಬಣ್ಣ. ನಮ್ಮೂರ ಮೆಣಸಿನಕಾಯಿ ಬರೇ ಬಣ್ಣಕ್ಕ ಅಂತ ನಿಮ್ಮ ಕಾಕಾನ ದಿನಾ ಹೇಳತಾರಲ್ಲ."

ಕಾಕಾ ಕೈಯಲ್ಲಿದ್ದ ತುತ್ತು ಕೆಳಗಿಟ್ಟರು. "ಗಿರಾಕಿಗೆ ಹೇಳೋ ಮಾತ ಮನ್ಯಾಗ ನೀನೂ ನಂಬಿ ಕುಂತೀಯೇನ?"

"ಬಿಳೇ ಪಲ್ಯಾ ಜಡ್ಡಿನವರ ಊಟರಿ. ನಿಮ್ಮ ಮುಂದ ಹೆಂಗ ಇಡಲಿ?" ಎಂದರು ಕಾಕು.

ಮರುದಿನ ಅವರು ಪೇಟೆಯಿಂದ ಬೀಟ್‌ರೂಟ್ ತಂದರು. ನಮ್ಮ ಓಣಿಯಲ್ಲಿ ಅದನ್ನು ರೊಟ್ಟಿಯ ಜೊತೆ ಯಾರೂ ತಿಂದದ್ದು ನನಗೆ ನೆನಪಿಲ್ಲ, ತಿಂದಿದ್ದರೂ ಇರಬಹುದು. ಜೀರಿಗೆ ಒಗ್ಗರಣೆ, ಮೇಲೆ ತುರಿದ ಕೊಬ್ಬರಿ. ಡಬ್ಬಿ ತುಂಬಿ ಅಂಗಡಿಗೆ ಕಳಿಸಿದರು.

ಅಲ್ಲಿ ವ್ಯಾಪಾರಿಗಳು ಬುತ್ತಿ ಹಂಚಿಕೊಂಡು ಉಣ್ಣುತ್ತಿದ್ದರು. ಮುಂದಿನದು ಕಾಕಾ ಹೇಳಿದ್ದು. ಖಾರ ಬಿಟ್ಟರೂ ಮಾತಿಗೆ ಉಪ್ಪುಖಾರ ಹಚ್ಚುವುದನ್ನು ಅವರು ಬಿಟ್ಟಿರಲಿಲ್ಲ.

"ಏನ್ರೀ ಸಾವ್ಕಾರ್ರ, ಡಾಕ್ಟರ ಮಾತ ಗಾಳಿಗೆ ತೂರಿದ್ರೇನು? ಇಷ್ಟ ಕೆಂಪನ್ನ ಪಲ್ಯಾ ನಮ್ಮ ಮನ್ಯಾಗೂ ಮಾಡಂಗಿಲ್ಲ," ಎನ್ನುತ್ತ ಒಬ್ಬರು ಡಬ್ಬಿಗೆ ಕೈಹಾಕಿದರಂತೆ. ಬಾಯಿಗಿಟ್ಟು ಮತ್ತೊಂದು ತುತ್ತು ತೆಗೆದುಕೊಂಡರಂತೆ. "ಸಿಹಿ ಐತಲ್ರೀ ಇದು." ಡಬ್ಬಿ ಖಾಲಿಯಾಗಿ ಕಾಕಾಗೆ ಅಂದು ಉಳಿದದ್ದು ರೊಟ್ಟಿ, ಮಜ್ಜಿಗೆ ಮಾತ್ರ. ಮರುದಿನದಿಂದ ಕಾಕು ಎರಡು ಡಬ್ಬಿ ಕಳಿಸತೊಡಗಿದರು.

ತಿಂಗಳಾದ ಮೇಲೆ ಇಬ್ಬರೂ ಹಾವೇರಿಗೆ ಹೋಗಿಬಂದರು. ಕಾಕು ಮನೆಯೊಳಗೆ ಹೋಗದೆ ಓಣಿಯ ನಡುವೆಯೇ ನಿಂತು, "ಆಪರೇಷನ್ ಬ್ಯಾಡಂತ, ಕೇಳಿದ್ರೇನ್ರೀ?" ಎಂದು ಸಾರಿದರು. ಒಂದೊಂದೇ ಬಾಗಿಲು ತೆರೆದವು. ಗುಳಿಗೆ ಗೆದ್ದಿತೋ, ಹೊತ್ತಿನ ಊಟ ಗೆದ್ದಿತೋ ನಾನು ಹೇಳಲಾರೆ. ಅಂದು ಸಂಜೆ ದೊಡ್ಡ ಬೋಗುಣಿ ಸೊಂಟಕ್ಕಿಟ್ಟು ಮನೆಮನೆಗೆ ಪಲ್ಯ ಬಡಿಸುತ್ತ ನಡೆದವರು ಕಾಕು. ಆ ನಡಿಗೆಯ ಬಗ್ಗೆ ನನಗೆ ಯಾವ ಅನುಮಾನವೂ ಇಲ್ಲ.

ಕಾಕಾ ಹೋದರು, ಆಮೇಲೆ ಕಾಕು... ಆ ಮನೆಯಲ್ಲಿ ಈಗ ಬೇರೆಯವರಿದ್ದಾರೆ.

ನಿನ್ನೆ ಮೊಮ್ಮಗಳು ಪಲ್ಯ ನೋಡಿ ತಟ್ಟೆ ದೂಡಿದಳು. "ಭಾಳ ಖಾರ ಐತೇನಜ್ಜಿ?"

"ಖಾರ ಅಲ್ಲ ತಂಗಿ, ಬಣ್ಣ," ಎಂದೆ. ಕೇಳಿ ನಗಲು ಕಾಕು ಇರಲಿಲ್ಲ. ಮೊಮ್ಮಗಳು ಅನುಮಾನದಿಂದಲೇ ಒಂದು ತುತ್ತು ತಿಂದಳು. ಸ್ವಲ್ಪ ಹೊತ್ತಿಗೆ ಮತ್ತೆ ತಟ್ಟೆ ಚಾಚಿದಳು.