ಗಾಲಿಯ ದನಿ ಕೇಳುತ್ತಿದ್ದ ಕಾಕಾ

ಕಾಕಾ ಯಾರ ಮಾತು ಕೇಳಬೇಕಾದರೂ ಕುತ್ತಿಗೆಯನ್ನು ಎಡಕ್ಕೆ ವಾಲಿಸಿ, ಬಲಗಿವಿಯನ್ನು ಮುಂದೆ ಮಾಡಿ, ಕಣ್ಣು ಮುಚ್ಚಿಬಿಡುತ್ತಿದ್ದರು. ಆ ಬಲಗಿವಿಯ ಅಂಚಿನಲ್ಲಿ ನಾಲ್ಕೈದು ಬಿಳಿ ಕೂದಲು ನೆಟ್ಟಗೆ ನಿಂತಿರುತ್ತಿದ್ದವು. ಮಾತು ಮುಗಿದ ಮೇಲೂ ಒಂದು ಗಳಿಗೆ ಹಾಗೇ ಇರುತ್ತಿದ್ದರು, ಮಾತಿನ ಬೆನ್ನ ಹಿಂದೆ ಇನ್ನೇನೋ ಬರುವುದಿದೆ ಎಂದು ಕಾಯುವವರಂತೆ. ಎಡಗಿವಿ ಅವರಿಗೆ ಕೇಳಿಸುತ್ತಿರಲಿಲ್ಲ. “ಅದನ್ನ ವರ್ಕ್‌ಶಾಪಿನ್ಯಾಗ ಬಿಟ್ಟು ಬಂದೇನಿ,” ಎನ್ನುತ್ತಿದ್ದರು, ಛತ್ರಿ ಮರೆತು ಬಂದವರಷ್ಟು ಹಗುರಾಗಿ.

ಧಾರವಾಡದ ಸಪ್ತಾಪುರದಲ್ಲಿ ಅವರ ಮಗಳ ಮನೆಯ ಮೇಲಿನ ಕೋಣೆಯನ್ನು ನಾವು ಮೂವರು ತಾಲೀಮಿಗೆಂದು ಬಾಡಿಗೆ ಹಿಡಿದಿದ್ದೆವು. ನಾನು ಹಿಂದೂಸ್ತಾನಿ ಖಯಾಲ್ ಗಾಯನ ಕಲಿತವಳು. ಮಂಜು ತಬಲಾ ನುಡಿಸುತ್ತಿದ್ದ. ಶಾಹೀನ್ ಎಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಮುಗಿಸಿ ಬಂದು ಲ್ಯಾಪ್‌ಟಾಪ್ ತೆರೆಯುತ್ತಿದ್ದಳು. ಹಿಟ್ಟಿನ ಗಿರಣಿ, ಬಸ್ಸಿನ ಬ್ರೇಕು, ಕೆಲಗೇರಿ ಕೆರೆಯ ಕಪ್ಪೆ, ಹೀಗೆ ಊರಿನ ಸದ್ದುಗಳನ್ನೆಲ್ಲ ಹಿಡಿದು ತಂದು, ಹಿಗ್ಗಿಸಿ ಕುಗ್ಗಿಸಿ, ನಮ್ಮ ಹಾಡಿನೊಳಗೆ ಬಿಡುತ್ತಿದ್ದಳು. ರಾಗವೂ ಇರಬೇಕು, ಊರೂ ಇರಬೇಕು ಎಂಬುದು ನಮ್ಮ ಹುಚ್ಚು.

ಮೂರು ವರ್ಷ ಕಳೆದರೂ ಆ ಹುಚ್ಚು ಬೇರೆ ಯಾರಿಗೂ ಹತ್ತಿರಲಿಲ್ಲ. ಹುಬ್ಬಳ್ಳಿಯಲ್ಲಿ ಮಾಡಿದ ಮೊದಲ ಕಾರ್ಯಕ್ರಮದಲ್ಲಿ ಚಹಾಕ್ಕೆಂದು ಎದ್ದ ಜನ ತಿರುಗಿ ಬರಲಿಲ್ಲ. ಮುಂದಿನ ಸಾಲಿನಲ್ಲಿದ್ದ ನನ್ನ ಗುರುಗಳು ಶಾಲು ಹೊದ್ದು ಅರ್ಧಕ್ಕೇ ಹೊರಟುಹೋದರು. ಮರುದಿನ ಪಾಠಕ್ಕೆ ಹೋದರೆ, “ತಾನಪುರಾ ಮುಟ್ಟಬ್ಯಾಡ. ಮೊದಲ ಆ ಗದ್ದಲಾ ಬಿಟ್ಟು ಬಾ,” ಎಂದರು. ಇನ್ನೊಂದು ವರ್ಷ ನೋಡುವುದು, ಏನೂ ಆಗದಿದ್ದರೆ ಬಿಟ್ಟುಬಿಡುವುದು ಎಂದು ಮೂವರೂ ತೀರ್ಮಾನಿಸಿದೆವು.

ಆ ವರ್ಷದ ಆರಂಭದಲ್ಲೇ ಒಂದು ಸಂಜೆ ಕಾಕಾ ಬಾಗಿಲು ಬಡಿದರು. ನಿವೃತ್ತರಾಗಿ ಮಗಳ ಮನೆಗೆ ಬಂದು ಹದಿನೈದು ದಿನವಾಗಿತ್ತಷ್ಟೆ. ಜಗಳಕ್ಕೇ ಬಂದರೆಂದುಕೊಂಡು ಶಾಹೀನ್ ಮೊದಲೇ ಶರಣಾದಳು. “ಸಣ್ಣದು ಮಾಡ್ತೇವ್ರಿ ಕಾಕಾ.”

“ಸಣ್ಣದು ಯಾಕ ಮಾಡ್ತೀರಿ? ಆ ಎಡಗಡೆ ಪೆಟಗಿ ಒಡದೈತಿ ನೋಡ್ರಿ. ಮೂರು ದಿನದಿಂದ ಕೆಳಗ ಕುಂತು ಕೇಳಾಕತ್ತೇನಿ. ಇನ್ನ ತಡಕೊಳ್ಳಾಕ ಆಗವಲ್ದು.”

ಸ್ಪೀಕರ್ ಬಿಚ್ಚಿ ನೋಡಿದೆವು. ಒಳಗಿನ ಕಾಗದದ ಬಟ್ಟಲಿನ ಅಂಚಿನಲ್ಲಿ ಕೂದಲೆಳೆಯಷ್ಟು ಸೀಳು. ನಮ್ಮ ಕಿವಿಯ ಬಗ್ಗೆ ಬಹಳ ಹೆಮ್ಮೆಯಿದ್ದ ನಾವು ಮೂವರೂ ಮುಖ ಮುಖ ನೋಡಿಕೊಂಡೆವು.

ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪಿನಲ್ಲಿ ಅವರ ಕೆಲಸವೇ ಕೇಳುವುದಾಗಿತ್ತು. ಉದ್ದ ಹಿಡಿಕೆಯ ಸುತ್ತಿಗೆಯಿಂದ ಗಾಲಿಗಳನ್ನು ಒಂದೊಂದಾಗಿ ಬಡಿಯುವುದು. ಗಾಲಿ ಗಟ್ಟಿಯಿದ್ದರೆ ಗಂಟೆಯಂತೆ ಮೊಳಗುತ್ತದೆ, ಒಳಗೆ ಬಿರುಕಿದ್ದರೆ ದನಿ ಅಲ್ಲೇ ಸತ್ತು ಬೀಳುತ್ತದೆ. ಪರೀಕ್ಷಿಸುವ ಯಂತ್ರ ಬಂದ ಮೇಲೂ ಎಂಜಿನಿಯರುಗಳು, “ಒಮ್ಮೆ ನೀವೂ ಬಡದು ನೋಡ್ರಿ,” ಎನ್ನುತ್ತಿದ್ದರಂತೆ. ಬೀಳ್ಕೊಡುವಾಗ ಜೊತೆಗಾರರು ಆ ಸುತ್ತಿಗೆಯನ್ನೇ ಕಾಣಿಕೆ ಕೊಟ್ಟಿದ್ದರು. ಅವರ ಕೋಣೆಯಲ್ಲಿ ಬುದ್ಧನ ಚಿತ್ರದ ಕೆಳಗೆ ಅದನ್ನು ಒರಗಿಸಿಟ್ಟಿದ್ದರು. “ಹೊಡಿಯೂದು ನೆಪಾ, ತಂಗಿ. ಕೇಳೂದು ಕೆಲಸಾ,” ಎಂದು ನನಗೆ ಅದೆಷ್ಟು ಸಲ ಹೇಳಿದ್ದಾರೋ.

ಆಮೇಲೆ ಅವರು ದಿನಾ ಬರತೊಡಗಿದರು. ಒಂದು ಬಟ್ಟಲು ಚುರುಮುರಿ ಹಿಡಿದು ಮೂಲೆಯ ಕುರ್ಚಿಯಲ್ಲಿ ಕೂರುವರು. ನಾವು ನುಡಿಸುವಾಗ ಮಾತ್ರ ಒಂದು ಕಾಳನ್ನೂ ಬಾಯಿಗೆ ಹಾಕುತ್ತಿರಲಿಲ್ಲ, ಅಗಿಯುವ ಸದ್ದು ಅಡ್ಡ ಬರುತ್ತದೆಂದು. ತಿಂಗಳ ಮೇಲೆ ಒಂದು ದಿನ ಕೇಳಿದರು:

“ನೀ ಛಲೋ ಹಾಡ್ತಿ, ಖರೇ. ಮಂಜೂನೂ ಛಲೋ ಬಾರಸ್ತಾನ. ಆದ್ರ ನೀ ಹಾಡುವಾಗ ಅವಂದು ನಿನಗ ಕೇಳಸ್ತೈತೇನು?”

ನಾನು ಹೂಂ ಎನ್ನಲು ಹೋದೆ. ಮಂಜುವಿನ ಮುಖ ನೋಡಿ ಬಿಟ್ಟುಬಿಟ್ಟೆ.

“ಇವತ್ತ ಯಾರೂ ಸುರು ಮಾಡಬ್ಯಾಡ್ರಿ. ಸುಮ್ನ ಕೂಡ್ರಿ. ಏನರ ಕೇಳಸಿದ್ರ ಅದಕ್ಕ ಉತ್ತರಾ ಕೊಡ್ರಿ. ಇಲ್ಲಂದ್ರ ಬ್ಯಾಡ.”

ಕೂತೆವು. ಕೆಳಗೆ ಕುಕ್ಕರ್ ಕೂಗಿತು, ಓಣಿಯಲ್ಲಿ ಒಂದು ಸ್ಕೂಟರ್ ಕೆಮ್ಮುತ್ತ ಹೋಯಿತು. ಹತ್ತು ನಿಮಿಷ ನಾಚಿಕೆಯಲ್ಲೇ ಕಳೆಯಿತು. ಆಮೇಲೆ ಎಲ್ಲಿಯೋ ಯಾರೋ ಬಾವಿಗೆ ಕೊಡ ಇಳಿಬಿಟ್ಟರು, ಅದು ಗೋಡೆಗೆ ತಾಕಿತು. ಮಂಜು ಡಗ್ಗಾದ ಮೇಲೆ ಒಂದೇ ಒಂದು ಪೆಟ್ಟು ಇಟ್ಟ. ಶಾಹೀನ್ ಆ ಪೆಟ್ಟನ್ನು ಲ್ಯಾಪ್‌ಟಾಪಿನಲ್ಲಿ ಹಿಡಿದು ಎಳೆದಳು. ನನಗೆ ಅರಿವಿಲ್ಲದೆ ಅದರ ಮೇಲೆ ನನ್ನ ದನಿ ಏರಿ ಕೂತಿತ್ತು. ಮುಗಿದಾಗ ಮಂಜು ಎದ್ದು ಕೋಣೆಯ ತುಂಬ ಓಡಾಡಿದ. ಮೂರು ವರ್ಷ ಹುಡುಕಿದ್ದು ಅರ್ಧ ತಾಸಿನಲ್ಲಿ ಮನೆ ಬಾಗಿಲಿಗೆ ಬಂದಂತಾಗಿತ್ತು.

ಮುಂದಿನ ಭಾನುವಾರ ಕಾಕಾ ನಮ್ಮನ್ನು ಹುಬ್ಬಳ್ಳಿಯ ಗುಜರಿ ಅಂಗಡಿಗೆ ಕರೆದೊಯ್ದರು. ಬೆಳಗಿನಿಂದ ಮಧ್ಯಾಹ್ನದವರೆಗೆ ತುಕ್ಕು ಹಿಡಿದ ರಾಶಿಯ ನಡುವೆ ಕೂತು ಒಂದೊಂದೇ ಕಬ್ಬಿಣವನ್ನು ತಟ್ಟಿದರು. ಅಂಗಡಿಯವನಿಗೆ ತಾಳ್ಮೆ ತಪ್ಪಿತು. “ಕಾಕಾ, ತೂಕಾ ಮಾಡಲೇನ್ರಿ?”

“ತೂಕಾ ಆಮ್ಯಾಲೆ. ಮೊದಲ ಮಾತಾಡಸೂಣು ತಡೀಪಾ.”

ಕೊನೆಗೆ ಲಾರಿಯ ಒಂದು ಬ್ರೇಕ್ ಡ್ರಮ್ಮು, ಎರಡು ನೇಗಿಲ ಗುಳ, ಮೊಳದುದ್ದದ ಒಂದು ರೈಲುಪಟ್ಟಿಯ ತುಂಡು ಆರಿಸಿದರು. ಆ ಪಟ್ಟಿಯ ತುಂಡನ್ನು ಹಗ್ಗಕ್ಕೆ ಕಟ್ಟಿ ತೂಗುಹಾಕಿ ಬಡಿದರೆ ದನಿ ಬಹಳ ಹೊತ್ತು ಇಳಿಯುತ್ತಲೇ ಇರಲಿಲ್ಲ. ಆದರೆ ಅದು ನನ್ನ ಷಡ್ಜಕ್ಕೆ ಹೊಂದುತ್ತಿರಲಿಲ್ಲ, ಸ್ವಲ್ಪ ಕೆಳಗಿತ್ತು. “ಕಬ್ಬಿಣಾ ನಿನ್ನ ಕಡೆ ಬರೂದಿಲ್ಲವಾ. ನೀನ ಅದರ ಕಡೆ ಹೋಗಬೇಕು,” ಎಂದರು ಕಾಕಾ. ಹದಿನಾಲ್ಕು ವರ್ಷ ಹಾಡಿದ ಶ್ರುತಿಯನ್ನು ಬಿಟ್ಟು ನಾನು ಕೆಳಗಿಳಿದೆ.

ಆ ಕಬ್ಬಿಣಗಳನ್ನು ಅವರಂತೆ ನುಡಿಸಲು ನಮ್ಮಲ್ಲಿ ಯಾರಿಗೂ ಬರಲಿಲ್ಲ. ವೇದಿಕೆಗೆ ಬನ್ನಿ ಎಂದರೆ, “ನಾ ಏನ್ ಕಲಾವಿದ ಏನ್ರವಾ, ಸುತ್ತಿಗಿ ಹಿಡದಾಂವ,” ಎಂದು ಜಾರಿಕೊಂಡರು. ಒಪ್ಪಿಸಿದ್ದು ಅವರ ಮಗಳು. ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವಾಕೆ. “ಅಪ್ಪಾ, ಇಷ್ಟು ವರ್ಷ ನೀ ಬಡದದ್ದು ಯಾರರ ಕುಂತು ಕೇಳ್ಯಾರೇನು? ಈಗ ಕೇಳಲಿ,” ಎಂದರು. ಕಾಕಾ ಒಳಗೆ ಹೋಗಿ ವರ್ಕ್‌ಶಾಪಿನ ನೀಲಿ ಅಂಗಿ ತಂದು ಇಸ್ತ್ರಿಗೆ ಕೊಟ್ಟರು.

ಧಾರವಾಡದ ಸಭಾಭವನದಲ್ಲಿ ಭಾನುವಾರ ಬೆಳಿಗ್ಗೆ ಕಾರ್ಯಕ್ರಮ. ಕರೆಯಲು ಹೋದಾಗ ಗುರುಗಳು ಉತ್ತರವನ್ನೇ ಕೊಟ್ಟಿರಲಿಲ್ಲ. ಆದರೂ ಬಂದು ಮುಂದಿನ ಸಾಲಿನಲ್ಲಿ ಕೂತಿದ್ದರು, ಶಾಲು ತೊಡೆಯ ಮೇಲೆ ಸಿದ್ಧವಾಗಿತ್ತು. ಹಾಡಲು ಸುರು ಮಾಡಿ ಐದು ನಿಮಿಷವಾಗಿರಲಿಲ್ಲ, ಗುರುಗಳು ಮೆಚ್ಚಲೆಂದು ಒಂದರ ಮೇಲೊಂದು ವೇಗದ ತಾನ್‌ಗಳನ್ನು ಒಗೆಯತೊಡಗಿದೆ. ಮಂಜು ಹಿಂದುಳಿದ. ಶಾಹೀನ್ ಗಾಬರಿಯಿಂದ ನನ್ನತ್ತ ನೋಡಿದಳು.

ಕಾಕಾ ಸುತ್ತಿಗೆ ಕೆಳಗಿಟ್ಟರು. ಅಂಗೈಯಿಂದ ರೈಲುಪಟ್ಟಿಯ ದನಿಯನ್ನು ಹಿಡಿದು ನಿಲ್ಲಿಸಿದರು. ನಾನೂ ನಿಂತೆ. ಅವರು ಬಲಗಿವಿಯನ್ನು ನನ್ನ ಕಡೆ ವಾಲಿಸಿ ಕಣ್ಣು ಮುಚ್ಚಿದರು. ಅವಸರವೇ ಇಲ್ಲ. ಆಮೇಲೆ ಸುತ್ತಿಗೆಯೆತ್ತಿ ಒಂದೇ ಒಂದು ಸಲ ತಟ್ಟಿದರು.

ಆ ದನಿ ಸಭಾಭವನದ ಗೋಡೆಯವರೆಗೆ ಹೋಗಿ ತಿರುಗಿ ನನ್ನ ಬಳಿ ಬಂದಾಗ ನಾನು ಬರೀ ಷಡ್ಜ ಹಚ್ಚಿದೆ. ಎಲ್ಲಿ ಕಬ್ಬಿಣ ಮುಗಿಯಿತು, ಎಲ್ಲಿ ನಾನು ಸುರುವಾದೆ ಎಂದು ನನಗೇ ತಿಳಿಯಲಿಲ್ಲ. ಮಂಜು ಹಾಡಿನೊಳಗೆ ಬಂದ. ಶಾಹೀನ್ ಗಿರಣಿಯ ಸದ್ದನ್ನು ದೂರದಿಂದ ಮೆಲ್ಲಗೆ ತಂದಳು. ಮುಂದಿನ ಮುಕ್ಕಾಲು ತಾಸು ನಾವು ಹಾಡಿದೆವೋ, ಹಾಡು ನಮ್ಮನ್ನು ಎತ್ತಿಕೊಂಡು ಓಡಿತೋ! ಯಾರೂ ಏಳಲಿಲ್ಲ. ಮುಗಿದ ಮೇಲೆ ಹಿಂದಿನ ಸಾಲಿನಿಂದ ಯಾರೋ “ಮತ್ತೊಮ್ಮೆ!” ಎಂದು ಕೂಗಿದರು.

ಗುರುಗಳು ವೇದಿಕೆ ಹತ್ತಿದರು. ನಾನು ಕಾಲಿಗೆ ಬೀಳಲು ಬಾಗಿದರೆ ನನ್ನನ್ನು ದಾಟಿ ನೇರ ಕಾಕಾನ ಮುಂದೆ ನಿಂತರು.

“ತಮ್ಮದು ಯಾವ ಘರಾಣೆ, ಯಾವ ಗುರುಪರಂಪರೆ ಅಂತ ಕೇಳಬಹುದೇನ್ರಿ?”

ಕಾಕಾ ಬಲಗಿವಿ ಮುಂದೆ ಮಾಡಿ ಪೂರ್ತಿ ಕೇಳಿಸಿಕೊಂಡು, “ರೇಲ್ವೆ ಘರಾಣಾರೀ,” ಎಂದರು.

ಗುರುಗಳು ನಕ್ಕ ನಗು! ಅವರ ಹತ್ತಿರ ಅಂಥ ನಗುವಿದೆಯೆಂದು ಅಷ್ಟು ವರ್ಷದಲ್ಲಿ ನನಗೆ ಗೊತ್ತೇ ಇರಲಿಲ್ಲ. ಹೊರಡುವಾಗ ನನಗೆ, “ನಾಳೆ ಪಾಠಕ್ಕ ಬಾ,” ಎಂದಷ್ಟೇ ಹೇಳಿದರು.

ಆ ವರ್ಷ ಮುಗಿಯುವುದರೊಳಗೆ ಬೆಳಗಾವಿ, ಪುಣೆ, ಬೆಂಗಳೂರು ಎಲ್ಲ ಕಡೆಯಿಂದ ಕರೆ ಬಂತು. ನಾವು ಆಗ ನಾಲ್ವರಾಗಿದ್ದೆವು. ಹೋದಲ್ಲೆಲ್ಲ ಆ ಕಬ್ಬಿಣದ ಚೀಲವನ್ನು ಮಂಜು ಹೊತ್ತ. ಇಂದು ಹಾಡನ್ನೇ ನಂಬಿ ಬದುಕುತ್ತಿದ್ದೇನೆಂದರೆ ಅದು ಆ ಒಂದು ವರ್ಷದ ಕೊಡುಗೆ.

ಹೋದ ಶ್ರಾವಣದಲ್ಲಿ ಕಾಕಾ ಆಸ್ಪತ್ರೆ ಸೇರಿದರು. ಅಷ್ಟರಲ್ಲಿ ಬಲಗಿವಿಯೂ ಕೈಬಿಟ್ಟಿತ್ತು. ಮಧ್ಯಾಹ್ನ ನೋಡಲು ಹೋದಾಗ ನನಗೆ ಏನು ಮಾಡಬೇಕೋ ತೋಚದೆ, ಅವರ ಅಂಗೈಯನ್ನು ನನ್ನ ಕುತ್ತಿಗೆಯ ಬುಡಕ್ಕೆ ಒತ್ತಿಕೊಂಡು ಮೆಲ್ಲಗೆ ಹಾಡಿದೆ. ಬಹಳ ಹೊತ್ತು ಕಣ್ಣು ಮುಚ್ಚಿದ್ದರು. ಆಮೇಲೆ ಕೈ ಕಿತ್ತುಕೊಂಡು ಗದರಿದರು:

“ಒಬ್ಬಾಕೀನ ಯಾಕ ಹಾಡ್ತಿ? ಅವರನ್ನೂ ಕರಿ.”

ಸಂಜೆ ಇಬ್ಬರನ್ನೂ ಕರೆತಂದೆ. ಮಂಜು ನೆಲದ ಮೇಲೆ ಕೂತು ಮಂಚದ ಕಬ್ಬಿಣದ ಕಾಲಿನ ಮೇಲೆ ಬೆರಳಿನಿಂದ ಬಾರಿಸತೊಡಗಿದ. ಲ್ಯಾಪ್‌ಟಾಪ್ ತಂದಿರದ ಶಾಹೀನ್ ಮೊದಲ ಸಲ ಬಾಯಿಬಿಟ್ಟು ಹಾಡಿದಳು. ಕಾಕಾ ಮಂಚದ ಸರಳನ್ನು ಹಿಡಿದುಕೊಂಡು ಅದು ನಡುಗುವುದನ್ನು ಕೇಳಿಸಿಕೊಂಡರು. ನಾವು ನಾಲ್ವರೂ ಸೇರಿ ಮಾಡಿದ ಕೊನೆಯ ಬೈಠಕ್ ಅದು.